ಮೂರು ಕೈಯಿಂದು

ಜನವರಿ ಕಡೀ ದಿನ. ಕಾಗಿಣಾ ದಂಡ್ಯಾಗ
ಮೊಳಕಾಲ ತನಕ ಕೆಸರಿನಾಗ ನಿಂತು
ಜೇಕು ಕೀಳಲಿಕತ್ತೀನಿ.
ಕುಡಗೋಲು ಹಚ್ಚಬಾರದು, ಕೈಲೇ ಎಳೀಬೇಕು
ಅಂತಿದ್ಲು ನಮ್ಮ ಅಜ್ಜಿ ಹನೋರಾ.
ಮೀನ ಹಿಡಿಯೋ ಹುಡುಗ ಕೇಳ್ತಾನ:
"ಮೇಡಮ್ಮಾರ, ಚಾಪಿ ಹೆಣೀತೀರೇನು?"
ಹೂಂ ಅಂದೆ. ಅಷ್ಟು ಸರಳ ಇದ್ದಿದ್ರ!

ವಾಡಿ ಜಂಕ್ಷನ್, ಕ್ವಾರ್ಟರ್ ನಂಬರ್ ಹನ್ನೊಂದು.
ಸಿಮೆಂಟಿನ ಧೂಳು ಬಾಜೂಮನಿ ತುಳಸಿ ಮ್ಯಾಲೂ ಬೀಳ್ತದ,
ನಮ್ಮ ಮರಿಯಮ್ಮನ ಮೂಗಿನ ಮ್ಯಾಲೂ ಬೀಳ್ತದ.
ಮುತ್ತಜ್ಜ ಕಾರ್ನೀಲಿಯಸ್ ಡಿಲೇನಿ
ಇಲ್ಲೇ ಎಂಜಿನ್ನಿಗೆ ಕಲ್ಲಿದ್ದಲು ಹಾಕಿ ಹಾಕಿ
ಕರ್ರಗಾಗಿ ಸತ್ತ.
ಅವನ ಮಕ್ಕಳು, ಮಕ್ಕಳ ಮಕ್ಕಳು
ಒಬ್ಬರೂ ಕಣ್ಣಿಲೆ ನೋಡದ ಊರಿಗೆ
ಮನಿ ಅಂತಿದ್ರು.
ಜೋಳದ ರೊಟ್ಟಿ ಮುರೀತಾ
"ಮನ್ಯಾಗ ಈಗ ಮಳಿ ಇರಬೇಕು" ಅಂತಿದ್ರು.
ಹೊರಗ ನಲವತ್ನಾಲ್ಕು ಡಿಗ್ರಿ.

ಆ ಮನಿ ನನಗ ಬರ್ತಿದ್ದದ್ದು
ವರ್ಷಕ್ಕ ಒಂದು ರಾತ್ರಿ ಅಷ್ಟ.
ಎದಿ ತುಂಬ ಜೇಕು ಕೊಟ್ಟು ಅಜ್ಜಿ ಹೊರಗ ನಿಲ್ಲಿಸ್ತಿದ್ಲು.
ನಾನು ಬಾಗಿಲು ಬಡೀಬೇಕು,
ಬ್ರಿಜಿಡಮ್ಮ ಬಂದಾಳ ಅನ್ನಬೇಕು,
ಒಳಗಿನವರು ಮೂರು ಸರ್ತಿ
"ಷೆದುವಾ, ಷೆದುವಾ, ಷೆದುವಾ."
ಅರ್ಥ ಯಾರಿಗೂ ಗೊತ್ತಿಲ್ಲ.
ಅಪ್ಪನ ಬಾಯಾಗ ಅದು ಶೀನು ಬಂದಂಗ ಕೇಳ್ತಿತ್ತು.
ಆಮ್ಯಾಲ ನೆಲಕ್ಕ ಕುಂತು ಮಡಚಿ, ತಿರುವಿ, ಮಡಚಿ
ಮೂರು ಕೈಯಿನ ಶಿಲುಬಿ. ಬಾಗಿಲ ಮ್ಯಾಲ ಮೊಳಿ.
ಕಿಟಕ್ಯಾಗ ಒಂದು ಅರಿವಿ ತುಂಡು,
ರಾತ್ರಿ ಆಕಿ ಮುಟ್ಟಿ ಹೋಗ್ತಾಳಂತ.
ಮುಂಜಾನೆದ್ದು ಮೂಸಿ ನೋಡ್ತಿದ್ದೆ.
ಸಿಮೆಂಟ್ ವಾಸನಿ. ಒಂದೀಟು ಹಾಲಿಂದೂ, ಖರೆ.

ಹೋದ ವರ್ಷ ಕಾರ್ಖಾನಿಗೆ ಮಷಿನ್ ಕೂಡಿಸಲಿಕ್ಕ
ಆ ಕಡಿಯವನೇ ಒಬ್ಬ ಬಂದಿದ್ದ,
ಕಿವಿ ಕೆಂಪಾಗಿ ಬಿಸಲಿಗೆ ಬೆಂದಂವ.
ಚಹಾಕ್ಕ ಕರೆದೆ. ಹೊಸಾ ಕಪ್ಪು ತೆಗೆದೆ.
ಮನಿಯಿಂದ ಮನುಷ್ಯಾ ಬಂದಾನ!
ಆತ ಬಾಗಿಲ ಮ್ಯಾಲ ನೋಡಿ ನಕ್ಕ:
"ಮನಿಗೆ ನಾಕು ಕೈಯಿಂದು ಹಾಕ್ತೀವಿ.
ಮೂರು ಕೈಯಿಂದು, ನಮ್ಮ ಕಡಿ, ದನದ ಕೊಟ್ಟಿಗಿಗೆ."

ಅವತ್ತು ನಿದ್ದಿ ಹತ್ತಲಿಲ್ಲ.
ಅಜ್ಜಿ ಹೇಳಿದ್ದ ಕಲ್ಲಿನ ಬಂಗಲೆ,
ಹನ್ನೆರಡು ಕಿಟಕಿ, ಬಿಳಿ ಕುದುರಿ
ಒಂದೊಂದಾಗಿ ಆರಿದವು.
ಉಳಿದದ್ದು ಒಂದು ತಗ್ಗು ಮಾಡು,
ಸಗಣಿ, ಉಸಿರಿನ ಬಿಸಿ, ಮೆಲುಕಿನ ಸಪ್ಪಳ.
ಯಾರದೋ ದನ ಕಾಯಾಂವ, ಅಲ್ಲೇ ಮಲಗಾಂವ.
ಅವನಿಗೆ ಗೊತ್ತಿದ್ದದ್ದು ಅದೊಂದ ಬಾಗಿಲು,
ಅದನ್ನ ಹಡಗು ಹತ್ತಿಸಿಕೊಂಡು ಬಂದಾನ.
ಪರ್ಥ್‌ದಾಗಿನ ಅತ್ತಿಗೆ ಫೋನ್ ಮಾಡಿ ಹೇಳಿದೆ.
ಆಕಿ ಸಿಟ್ಟಿಗೆದ್ದು ಇಟ್ಟುಬಿಟ್ಲು.
ನನಗ ಯಾಕೋ ಹಸಿವಾಯ್ತು.

ಈ ಸರ್ತಿ ಜೇಕು ಹೊತ್ತು ಬಂದ್ರ
ಒಳಗ ಯಾರಿಲ್ಲ. ಗೊತ್ತಿದ್ದದ್ದ.
ಆದ್ರೂ ಬಡದೆ. ಚಟ.
"ಯಾರ್ರೀ? ಬರ್ರೀ ಒಳಗ, ಕದ ತೆರದೇ ಅದ!"
ಹಾಲು ಹಾಕಲಿಕ್ಕ ಬಂದ ಸಾಬಮ್ಮ
ಬೋಗೋಣಿ ಹುಡುಕಲಿಕತ್ತಿದ್ಲು.

ಇಬ್ಬರೂ ನೆಲಕ್ಕ ಕುಂತ್ವಿ. ಎಲ್ಲಾ ಹೇಳಿದೆ, ಆ ಕೂಗೂ ಹೇಳಿದೆ.
ಆಕಿ ಬೆರಳು ನನ್ನಕಿಂತ ಚಲೋ ಓಡ್ತಾವ.
ಎಳ್ಳಮಾಸಿಗೆ ಹೊಲದಾಗ ಚರಗ ಚೆಲ್ಲುವಾಗ
ತಾವೂ ಒಂದು ಕೂಗ್ತಾರಂತ,
ಅದರರ್ಥ ಆಕಿಗೂ ತಿಳೀದಂತ.
"ಅರ್ಥ ತಗೊಂಡು ಏನ್ ಮಾಡ್ತೀರಿ? ಕೂಗಬೇಕು."

ಮೂರು ಕೈಯಿಂದು ಈಗ ಆಕಿ ಎಮ್ಮಿ ಕೊಟ್ಟಿಗ್ಯಾಗ ಅದ.
ಶಹಾಬಾದಿ ಫರ್ಸಿ ಗ್ವಾಡಿ, ತಗಡಿನ ಮಾಡು.
ಮೊಳಿ ಹೋಗಲಿಲ್ಲ, ಸುತಳಿ ಕಟ್ಟೀವಿ.
ನಾಕು ಕೈಯಿಂದು ನಾನಿನ್ನೂ ಕಲೀಬೇಕು.

ಬೆಳಕು ಹರಿಯೋ ಮುಂದ, ಪ್ಯಾಸೆಂಜರ್ ಹೋದ ಮ್ಯಾಲ,
ಗ್ವಾಡಿ ಆಚಿಂದ ಸಾಬಮ್ಮನ ದನಿ:
"ಷೆದುವಾ... ಏ ಷೆದುವಾ..."
ಎಮ್ಮಿ ಕಿವಿ ನಿಗುರಿಸಿತು.